‘ಪಾಠ ಆಯಿತು’ ಎಂದರೆ ಸಾಲದು: ರಸಾಯನಶಾಸ್ತ್ರ ಬೋಧನೆಯ ಮಾನದಂಡಗಳು ನಿಜಕ್ಕೂ ಕೇಳುವುದೇನು?

ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುವ ಸಮೀಕರಣವನ್ನು ಸರಿದೂಗಿಸಿ ಎಂದು ಕೇಳಿದರೆ ತರಗತಿಯ ಬಹಳಷ್ಟು ಮಕ್ಕಳು ಎರಡು, ಒಂದು, ಎರಡು ಎಂದು ಅಂಕಿ ಹಾಕಿ ಪೂರ್ಣ ಅಂಕ ಪಡೆಯುತ್ತಾರೆ. ಅದೇ ಮಕ್ಕಳಿಗೆ ಖಾಲಿ ಚೌಕವೊಂದನ್ನು ಕೊಟ್ಟು, ‘ಈ ಮುಚ್ಚಿದ ಡಬ್ಬಿಯಲ್ಲಿ 6 ಹೈಡ್ರೋಜನ್ ಅಣು, 4 ಆಕ್ಸಿಜನ್ ಅಣು ಇವೆ. ಕ್ರಿಯೆ ಮುಗಿದ ಮೇಲೆ ಒಳಗೆ ಏನೇನಿರುತ್ತದೆ, ಚಿತ್ರ ಬರೆಯಿರಿ’ ಎಂದು ಹೇಳಿ ನೋಡಿ. ಕೆಲವರು ನಾಲ್ಕು ಹೈಡ್ರೋಜನ್, ಎರಡು ಆಕ್ಸಿಜನ್ ಪರಮಾಣುಗಳು ಒಂದಕ್ಕೊಂದು ಅಂಟಿಕೊಂಡ ಮುದ್ದೆ ಬರೆಯುತ್ತಾರೆ. ಸಮೀಕರಣದಲ್ಲಿದ್ದ ‘2’ ಅವರ ಪಾಲಿಗೆ ಅಣುಗಳ ಎಣಿಕೆಯಲ್ಲ, ಅಣುವಿನದೇ ಒಂದು ಭಾಗ. ಇನ್ನು ಕೆಲವರು ಆರು ನೀರಿನ ಅಣುಗಳನ್ನು ಸರಿಯಾಗಿ ಬರೆದು, ಬಳಕೆಯಾಗದೆ ಉಳಿದ ಒಂದು ಆಕ್ಸಿಜನ್ ಅಣುವನ್ನು ಮರೆತುಬಿಡುತ್ತಾರೆ.

ಇದು ಯಾವುದೋ ಒಂದು ತರಗತಿಯ ದೌರ್ಬಲ್ಯವಲ್ಲ. ಲೆಕ್ಕ ಮಾಡಿ ಉತ್ತರ ತರುವ ವಿದ್ಯಾರ್ಥಿಗಳು ಅದೇ ವಿಷಯದ ಕಣಚಿತ್ರದ ಪ್ರಶ್ನೆಯಲ್ಲಿ ಎಡವುತ್ತಾರೆ ಎಂಬುದನ್ನು ನರೆನ್‌ಬರ್ನ್ ಮತ್ತು ಪಿಕರಿಂಗ್ 1987ರಲ್ಲೇ ಅಧ್ಯಯನ ಮಾಡಿ ತೋರಿಸಿದ್ದರು. ಹಾಗಾದರೆ ಸಮೀಕರಣ ಸರಿದೂಗಿಸಿದ ಮಗುವಿಗೆ ರಾಸಾಯನಿಕ ಕ್ರಿಯೆ ಅರ್ಥವಾಗಿದೆ ಎಂದು ಯಾವ ಆಧಾರದ ಮೇಲೆ ಹೇಳುತ್ತೇವೆ? ಬೋಧನಾ ಮಾನದಂಡಗಳು ಉತ್ತರಿಸಬೇಕಾದ ಪ್ರಶ್ನೆ ಇದೇ.

ವಿಷಯಪಟ್ಟಿ ಬೇರೆ, ಮಾನದಂಡ ಬೇರೆ

‘ರಾಸಾಯನಿಕ ಕ್ರಿಯೆಯ ವೇಗ’ ಎನ್ನುವುದು ಒಂದು ಪಾಠದ ಹೆಸರು. ‘ತಾಪಮಾನ ಅಥವಾ ಸಾರತೆ ಬದಲಾದಾಗ ಕ್ರಿಯೆಯ ವೇಗ ಏಕೆ ಬದಲಾಗುತ್ತದೆ ಎಂಬುದನ್ನು ವಿದ್ಯಾರ್ಥಿ ಪ್ರಯೋಗದ ಅಂಕಿಗಳನ್ನು ಮುಂದಿಟ್ಟು, ಕಣಗಳ ಡಿಕ್ಕಿಯ ಮೂಲಕ ವಿವರಿಸುತ್ತಾನೆ’ ಎನ್ನುವುದು ಮಾನದಂಡ. ಮೊದಲನೆಯದು ಶಿಕ್ಷಕರು ಏನು ಮುಗಿಸಬೇಕು ಎಂದು ಹೇಳುತ್ತದೆ. ಎರಡನೆಯದು ವಿದ್ಯಾರ್ಥಿ ಏನು ಮಾಡಿ ತೋರಿಸಬೇಕು, ಯಾವ ಪುರಾವೆ ಬಳಸಬೇಕು ಎಂದು ಹೇಳುತ್ತದೆ.

ಹೀಗಾಗಿ ಮಾನದಂಡವನ್ನು ಓದುವಾಗ ಮೊದಲು ನೋಡಬೇಕಾದದ್ದು ಕ್ರಿಯಾಪದ. ‘ತಿಳಿಯುತ್ತಾರೆ’, ‘ಅರಿಯುತ್ತಾರೆ’, ‘ಪರಿಚಯ ಪಡೆಯುತ್ತಾರೆ’ ಎಂದಿದ್ದರೆ ಅದನ್ನು ಅಳೆಯಲು ದಾರಿಯೇ ಇಲ್ಲ. ‘ಚಿತ್ರ ಬರೆದು ತೋರಿಸುತ್ತಾರೆ’, ‘ಮುಂಚೆಯೇ ಊಹಿಸಿ ಕಾರಣ ಕೊಡುತ್ತಾರೆ’, ‘ಎರಡು ವಿವರಣೆಗಳಲ್ಲಿ ಯಾವುದಕ್ಕೆ ಪುರಾವೆ ಇದೆ ಎಂದು ಆರಿಸುತ್ತಾರೆ’ ಎಂದಿದ್ದರೆ ಅಳೆಯಬಹುದು.

ಅಮೆರಿಕದಲ್ಲಿ 2013ರಲ್ಲಿ ಹೊರಬಂದ ನೆಕ್ಸ್ಟ್ ಜನರೇಷನ್ ಸೈನ್ಸ್ ಸ್ಟ್ಯಾಂಡರ್ಡ್ಸ್ ಇದೇ ದಾರಿ ಹಿಡಿಯಿತು. ಅದರ ಒಂದೊಂದು ಹೇಳಿಕೆಯಲ್ಲೂ ಮೂರು ಎಳೆಗಳಿವೆ. ವಿಷಯದ ತಿರುಳು ಒಂದು. ಮಾದರಿ ಕಟ್ಟುವುದು, ದತ್ತಾಂಶ ವಿಶ್ಲೇಷಿಸುವುದು, ಪುರಾವೆ ಇಟ್ಟು ವಾದಿಸುವುದು ಮುಂತಾದ 8 ವೈಜ್ಞಾನಿಕ ಅಭ್ಯಾಸಗಳು ಇನ್ನೊಂದು. ಕಾರಣ ಮತ್ತು ಪರಿಣಾಮ, ಶಕ್ತಿ ಮತ್ತು ದ್ರವ್ಯದ ಹರಿವು, ಇಂಥ ಎಲ್ಲ ವಿಜ್ಞಾನಗಳಿಗೂ ಸಲ್ಲುವ 7 ಪರಿಕಲ್ಪನೆಗಳು ಮೂರನೆಯದು. ಇದರಲ್ಲಿ ಹೆಚ್ಚು ಜನ ಗಮನಿಸದ ಒಳ್ಳೆಯ ಗುಣ ಎಂದರೆ ಗಡಿಗೆರೆ. ಎಷ್ಟು ಕೇಳಬೇಕು ಎಂಬುದರ ಜೊತೆಗೆ ಎಲ್ಲಿ ನಿಲ್ಲಬೇಕು ಎಂಬುದನ್ನೂ ಬರೆದಿರುತ್ತಾರೆ. ಕ್ರಿಯೆಯ ವೇಗದ ಹೇಳಿಕೆಯನ್ನೇ ನೋಡಿ, ಮೌಲ್ಯಮಾಪನ ಎರಡೇ ಪ್ರತಿವರ್ತಕಗಳಿರುವ ಸರಳ ಕ್ರಿಯೆಗಳಿಗೆ ಸೀಮಿತ. ಈ ಗೆರೆ ಇಲ್ಲದ ಕಡೆ ಪ್ರಶ್ನೆಪತ್ರಿಕೆ ವರ್ಷ ವರ್ಷ ಉಬ್ಬುತ್ತದೆ, ಶಿಕ್ಷಕರು ಎಲ್ಲವನ್ನೂ ಮುಟ್ಟುವ ಧಾವಂತದಲ್ಲಿ ಯಾವುದನ್ನೂ ಆಳವಾಗಿ ಕಲಿಸಲಾಗದೆ ಉಳಿಯುತ್ತಾರೆ.

ಮೂರು ನೆಲೆಗಳು, ಒಂದೇ ವಿಷಯ

ರಸಾಯನಶಾಸ್ತ್ರ ಕಷ್ಟವಾಗುವುದಕ್ಕೆ ಗ್ಲಾಸ್ಗೋ ವಿಶ್ವವಿದ್ಯಾಲಯದ ಅಲೆಕ್ಸ್ ಜಾನ್‌ಸ್ಟನ್ ಕೊಟ್ಟ ಕಾರಣ ಇಂದಿಗೂ ಅತ್ಯಂತ ಉಪಯುಕ್ತ. ಈ ವಿಷಯದಲ್ಲಿ ನಾವು ಒಂದೇ ಉಸಿರಿನಲ್ಲಿ ಮೂರು ನೆಲೆಗಳಲ್ಲಿ ಮಾತಾಡುತ್ತೇವೆ: ಕಣ್ಣಿಗೆ ಕಾಣುವ ಬಣ್ಣ, ಗುಳ್ಳೆ, ತೂಕ; ಕಣ್ಣಿಗೆ ಕಾಣದ ಪರಮಾಣು, ಅಣು, ಅಯಾನು; ಕಾಗದದ ಮೇಲಿನ ಸಂಕೇತ, ಸಮೀಕರಣ, ಲೆಕ್ಕ. ಶಿಕ್ಷಕರು ಇವುಗಳ ನಡುವೆ ಅರಿವಿಲ್ಲದೆಯೇ ಓಡಾಡುತ್ತಾರೆ. ಹೊಸದಾಗಿ ಕಲಿಯುವವನಿಗೆ ಈಗ ಯಾವ ನೆಲೆಯಲ್ಲಿ ಮಾತು ನಡೆಯುತ್ತಿದೆ ಎಂಬುದೇ ಗೊತ್ತಾಗುವುದಿಲ್ಲ.

ನೆಲೆಗಳು ಕಲಸಿಹೋದಾಗ ಹುಟ್ಟುವ ತಪ್ಪುಗಳನ್ನು ಸುಲಭವಾಗಿ ಗುರುತಿಸಬಹುದು. ತಾಮ್ರದ ತಂತಿ ಬಾಗುತ್ತದೆ, ಹಾಗಾಗಿ ತಾಮ್ರದ ಪರಮಾಣುವೂ ಬಾಗುತ್ತದೆ ಎನ್ನುವುದು ಒಂದು. ಕಾಯಿಸಿದಾಗ ವಸ್ತು ಹಿಗ್ಗುತ್ತದೆ, ಹಾಗಾಗಿ ಅದರ ಕಣಗಳೇ ದಪ್ಪಗಾಗುತ್ತವೆ ಎನ್ನುವುದು ಇನ್ನೊಂದು. ಕುದಿಯುವ ನೀರಿನ ಗುಳ್ಳೆಯೊಳಗೆ ಹೈಡ್ರೋಜನ್ ಮತ್ತು ಆಕ್ಸಿಜನ್ ಇದೆ ಎನ್ನುವುದು ಮೂರನೆಯದು, ಅದೂ ಹಲವು ವರ್ಷ ರಸಾಯನಶಾಸ್ತ್ರ ಓದಿದವರಲ್ಲೂ ಕಾಣಸಿಗುವಂಥದ್ದು. ಗುಳ್ಳೆಯಲ್ಲಿರುವುದು ನೀರಿನ ಆವಿ, ಅಂದರೆ ಇಡಿಯಾದ ನೀರಿನ ಅಣುಗಳೇ. ಕುದಿಯುವಾಗ ಅಣುಗಳ ನಡುವಿನ ಸೆಳೆತ ಬಿಡಿಸಿಕೊಳ್ಳುತ್ತದೆ, ಅಣುವಿನೊಳಗಿನ ಬಂಧ ಮುರಿಯುವುದಿಲ್ಲ.

ಕಣಗಳ ಗಾತ್ರದ ಅಂದಾಜು ಕೊಡುವ ಲೆಕ್ಕವೊಂದನ್ನು ಮಕ್ಕಳ ಕೈಯಲ್ಲೇ ಮಾಡಿಸಬೇಕು. ಒಂದು ಹನಿ ನೀರು ಸುಮಾರು 0.05 ಮಿ.ಲೀ., ತೂಕ 0.05 ಗ್ರಾಂ. ಒಂದು ಮೋಲ್ ನೀರು, ಅಂದರೆ ಸುಮಾರು 6.02 × 10²³ ಅಣುಗಳು, 18 ಗ್ರಾಂ ತೂಗುತ್ತದೆ; ಹಾಗಾಗಿ ಇದನ್ನು 18ರಿಂದ ಭಾಗಿಸಿದರೆ ಸುಮಾರು 0.0028 ಮೋಲ್. ಅಣುಗಳ ಸಂಖ್ಯೆ ಹೆಚ್ಚುಕಡಿಮೆ 1.7 × 10²¹. ಒಂದು ಹನಿಯೊಳಗೆ ಇಷ್ಟಿದ್ದ ಮೇಲೆ ಒಂದು ಅಣುವಿಗೆ ‘ಒದ್ದೆ’ ಎಂಬ ಗುಣ ಅಂಟಿಸುವುದು ಅರ್ಥಹೀನ ಎಂಬುದು ಆಗ ಹೇಳದೆಯೇ ಹೊಳೆಯುತ್ತದೆ.

ಕನ್ನಡದಲ್ಲಿ ಕಲಿಸುವವರು ಇಲ್ಲಿ ಎರಡು ಪದಗಳ ಬಗ್ಗೆ ಹೆಚ್ಚು ಎಚ್ಚರ ವಹಿಸಬೇಕು. ಒಂದು, ‘ಕರಗು’. ಮಂಜುಗಡ್ಡೆಯೂ ಕರಗುತ್ತದೆ, ನೀರಿಗೆ ಹಾಕಿದ ಸಕ್ಕರೆಯೂ ಕರಗುತ್ತದೆ. ಆಡುಮಾತಿನಲ್ಲಿ ಎರಡಕ್ಕೂ ಒಂದೇ ಪದ. ಮೊದಲನೆಯದರಲ್ಲಿ ಒಂದೇ ವಸ್ತು ಘನದಿಂದ ದ್ರವವಾಗುತ್ತದೆ, ಎರಡನೆಯದರಲ್ಲಿ ಒಂದರ ಕಣಗಳು ಇನ್ನೊಂದರ ಕಣಗಳ ನಡುವೆ ಹರಡಿಕೊಳ್ಳುತ್ತವೆ. ‘ಸಕ್ಕರೆ ದ್ರವವಾಯಿತು’ ಎಂದು ಬರೆಯುವ ಮಗು ದಡ್ಡನಲ್ಲ, ತನ್ನ ಭಾಷೆಯನ್ನು ನಂಬಿದೆ ಅಷ್ಟೆ. ದ್ರವಿಸುವುದು, ವಿಲೀನವಾಗುವುದು ಎಂಬ ಎರಡು ಪದಗಳನ್ನು ಪಾಠದ ಮೊದಲ ದಿನವೇ ಎರಡು ಚಿತ್ರಗಳ ಜೊತೆ ಕೊಡಬೇಕು. ಇನ್ನೊಂದು, ‘ಆಮ್ಲಜನಕ’. ಎಲ್ಲ ಆಮ್ಲಗಳಿಗೂ ಈ ಧಾತುವೇ ಮೂಲ ಎಂದು ಲಾವೋಸಿಯೆ ನಂಬಿದ್ದರು, ಆ ನಂಬಿಕೆಯೇ ಹೆಸರಾಗಿ ಉಳಿಯಿತು. ಕ್ಲೋರಿನ್ ಒಂದು ಧಾತು ಎಂದು 1810ರಲ್ಲಿ ಹಂಫ್ರಿ ಡೇವಿ ಸಾರಿದಾಗ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ನೇ ಇಲ್ಲ ಎಂಬುದು ಸ್ಪಷ್ಟವಾಯಿತು. ಹೆಸರನ್ನು ಬಳಸಬಹುದು, ಆದರೆ ಅದು ಹೇಳುವ ಅರ್ಥ ತಪ್ಪು ಎಂದು ಒಮ್ಮೆ ಬಿಡಿಸಿ ಹೇಳದಿದ್ದರೆ ಆಮ್ಲಗಳ ಪಾಠದಲ್ಲಿ ಅದು ಮತ್ತೆ ಮತ್ತೆ ಕಾಡುತ್ತದೆ.

ಒಂದು ಮಾನದಂಡವನ್ನು ಹತ್ತಿರದಿಂದ ನೋಡಿದರೆ

ರಾಶಿ ಸಂರಕ್ಷಣಾ ನಿಯಮವನ್ನೇ ತೆಗೆದುಕೊಳ್ಳೋಣ. ಮಾನದಂಡ ಹೀಗಿದೆ ಎಂದಿಟ್ಟುಕೊಳ್ಳಿ: ‘ರಾಸಾಯನಿಕ ಕ್ರಿಯೆಯಲ್ಲಿ ಒಟ್ಟು ರಾಶಿ ಬದಲಾಗುವುದಿಲ್ಲ ಎಂಬುದನ್ನು ವಿದ್ಯಾರ್ಥಿ ಅಳತೆಯಿಂದ ತೋರಿಸಿ, ಪರಮಾಣುಗಳ ಮರುಜೋಡಣೆಯಿಂದ ವಿವರಿಸುತ್ತಾನೆ.’ ಇದಕ್ಕೆ ಬಹಳ ಕಡೆ ಮಾಡಿಸುವ ಪ್ರಯೋಗ ಅಡುಗೆ ಸೋಡಾ ಮತ್ತು ವಿನೆಗರ್. ಬಾಟಲಿಗೆ ವಿನೆಗರ್ ಹಾಕಿ, ಬಲೂನಿನೊಳಗೆ ಸೋಡಾ ತುಂಬಿ, ಬಾಯಿಗೆ ಸಿಕ್ಕಿಸಿ, ತೂಗಿ, ಬಲೂನನ್ನು ಎತ್ತಿ ಸೋಡಾ ಸುರಿದು, ಮತ್ತೆ ತೂಗುವುದು. ಅನಿಲ ಹೊರಗೆ ಹೋಗಿಲ್ಲ, ಹಾಗಾಗಿ ತೂಕ ಹಾಗೇ ಇರಬೇಕು.

ಆದರೆ ಹಾಗೇ ಇರುವುದಿಲ್ಲ. 2.1 ಗ್ರಾಂ ಸೋಡಾ, ಅಂದರೆ 0.025 ಮೋಲ್, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 0.6 ಲೀಟರ್ ಕಾರ್ಬನ್ ಡೈಆಕ್ಸೈಡ್ ಕೊಡುತ್ತದೆ. ಬಲೂನು ಅಷ್ಟೇ ಗಾತ್ರಕ್ಕೆ ಉಬ್ಬುತ್ತದೆ, ಅಷ್ಟೇ ಗಾತ್ರದ ಸುತ್ತಲ ಗಾಳಿಯನ್ನು ಸರಿಸುತ್ತದೆ. ಗಾಳಿ ಲೀಟರಿಗೆ ಸುಮಾರು 1.2 ಗ್ರಾಂ ತೂಗುವುದರಿಂದ ತಕ್ಕಡಿಯಲ್ಲಿ ಸುಮಾರು 0.7 ಗ್ರಾಂ ಕಡಿಮೆ ಕಾಣುತ್ತದೆ. ನೀರಿನಲ್ಲಿ ಮುಳುಗಿದ ಬಿಂದಿಗೆ ಹಗುರವೆನಿಸುವಂತೆಯೇ ಇದು, ಇಲ್ಲಿ ನೀರಿನ ಬದಲು ಗಾಳಿ. ಶಿಕ್ಷಕರಿಗೆ ಇದು ಗೊತ್ತಿಲ್ಲದಿದ್ದರೆ ‘ಸ್ವಲ್ಪ ಸೋರಿರಬೇಕು’ ಎಂದು ಹೇಳಿ ಮುಂದೆ ಹೋಗುತ್ತಾರೆ, ಮಕ್ಕಳು ನಿಯಮಕ್ಕೆ ವಿರುದ್ಧವಾದ ಪುರಾವೆಯನ್ನು ಕಣ್ಣಾರೆ ಕಂಡು ಮನೆಗೆ ಹೋಗುತ್ತಾರೆ.

ಸರಿಯಾಗಿ ಮಾಡುವ ಬಗೆ ಹೀಗೆ. ಗಾತ್ರ ಬದಲಾಗದ ಪಾತ್ರೆ ಬೇಕು. ಸೋಡಾ ಪಾನೀಯ ತುಂಬಿ ಬರುವ 500 ಮಿ.ಲೀ. ಪ್ಲಾಸ್ಟಿಕ್ ಬಾಟಲಿ ಒತ್ತಡ ತಡೆಯಲೆಂದೇ ತಯಾರಾದದ್ದು, ಅದನ್ನೇ ಬಳಸಿ. ಗಾಜಿನ ಬಾಟಲಿ ಯಾವ ಕಾರಣಕ್ಕೂ ಬೇಡ. ಒಣಗಿದ ಬಾಟಲಿಗೆ 0.84 ಗ್ರಾಂ ಅಡುಗೆ ಸೋಡಾ ಹಾಕಿ, ಇದು ಸರಿಯಾಗಿ 0.01 ಮೋಲ್. ಸಣ್ಣ ಪ್ಲಾಸ್ಟಿಕ್ ಪ್ರನಾಳದಲ್ಲಿ 15 ಮಿ.ಲೀ. ವಿನೆಗರ್ ತೆಗೆದುಕೊಂಡು, ಚೆಲ್ಲದಂತೆ ಬಾಟಲಿಯೊಳಗೆ ನಿಲ್ಲಿಸಿ. ಶೇಕಡ 5ರ ವಿನೆಗರ್ ಆದರೆ ಅದರಲ್ಲಿ ಸುಮಾರು 0.0125 ಮೋಲ್ ಅಸಿಟಿಕ್ ಆಮ್ಲ ಇರುತ್ತದೆ, ಸೋಡಾ ಪೂರ್ತಿ ಕರಗಿ ಕ್ರಿಯೆ ಮುಗಿಯಲು ಸಾಕು. ಮುಚ್ಚಳ ಬಿಗಿಯಾಗಿ ತಿರುಗಿಸಿ, 0.01 ಗ್ರಾಂವರೆಗೆ ತೋರುವ ತಕ್ಕಡಿಯಲ್ಲಿ ತೂಗಿ. ಬಳಿಕ ಬಾಟಲಿಯನ್ನು ಓರೆ ಮಾಡಿ ವಿನೆಗರ್ ಚೆಲ್ಲಿಸಿ, ಗುಳ್ಳೆ ನಿಲ್ಲುವವರೆಗೆ ಕಾದು, ಮತ್ತೆ ತೂಗಿ. ಒಳಗಿನ ಒತ್ತಡ ವಾತಾವರಣದ ಒಂದೂವರೆ ಪಟ್ಟಿನ ಸುಮಾರಿಗೆ ಏರುತ್ತದೆ, ತೂಕ ಕದಲುವುದಿಲ್ಲ.

ಈ ಪ್ರಯೋಗದ ಸೊಗಸು ಮುಂದಿನ ಹೆಜ್ಜೆಯಲ್ಲಿದೆ. ಮುಚ್ಚಳ ಸಡಿಲಿಸಿ ‘ಹುಸ್’ ಎಂದ ಮೇಲೆ ಮತ್ತೆ ತೂಗಿದರೆ ಎಷ್ಟು ಕಡಿಮೆಯಾಗಬೇಕು? ಹುಟ್ಟಿದ ಕಾರ್ಬನ್ ಡೈಆಕ್ಸೈಡ್ 0.44 ಗ್ರಾಂ, ಹಾಗಾಗಿ ಅಷ್ಟೇ ಎಂದು ಬಹುತೇಕರು ಹೇಳುತ್ತಾರೆ. ತಕ್ಕಡಿ ತೋರಿಸುವುದು ಸುಮಾರು 0.3 ಗ್ರಾಂ. ಯಾಕೆಂದರೆ ಹೊರಹೋದದ್ದು ಬರೀ ಕಾರ್ಬನ್ ಡೈಆಕ್ಸೈಡ್ ಅಲ್ಲ, ಬಾಟಲಿಯಲ್ಲಿ ಮೊದಲೇ ಇದ್ದ ಗಾಳಿಯೂ ಬೆರೆತ ಮಿಶ್ರಣ. ಹೊಸ ಅನಿಲದ ಹೆಚ್ಚಿನ ಪಾಲು ಇನ್ನೂ ಒಳಗೇ ಇದೆ, ಒಂದಿಷ್ಟು ದ್ರವದಲ್ಲಿ ವಿಲೀನವಾಗಿದೆ. ಈ 0.14 ಗ್ರಾಂ ವ್ಯತ್ಯಾಸ ಎಲ್ಲಿಂದ ಬಂತು ಎಂದು ಮಕ್ಕಳು ಕಣಚಿತ್ರ ಬರೆದು ವಾದಿಸಿದರೆ ಮಾನದಂಡದ ಎರಡೂ ಅರ್ಧ, ಅಳತೆ ಮತ್ತು ವಿವರಣೆ, ಒಂದೇ ತರಗತಿಯಲ್ಲಿ ಕೈಗೂಡುತ್ತವೆ. ಚಿತ್ರದಲ್ಲಿ ನೋಡಬೇಕಾದದ್ದು ಇಷ್ಟು: ಮುಂಚೆ ಮತ್ತು ಆಮೇಲೆ ಪ್ರತಿ ಬಗೆಯ ಪರಮಾಣುಗಳ ಎಣಿಕೆ ಒಂದೇ ಇದೆಯೇ, ಗಾಳಿಯ ಅಣುಗಳನ್ನೂ ಬರೆದಿದ್ದಾರೆಯೇ, ಹೊಸ ವಸ್ತುಗಳಲ್ಲಿ ಜೋಡಣೆ ಬದಲಾಗಿದೆಯೇ.

ಬೇರೂರಿದ ತಪ್ಪು ಕಲ್ಪನೆಗಳು

ಒಳ್ಳೆಯ ಮಾನದಂಡ ಪ್ರತಿ ವಿಷಯಕ್ಕೂ ಮಕ್ಕಳು ಎಡವುವ ಜಾಗವನ್ನು ಮುಂಚೆಯೇ ಗುರುತು ಹಾಕಿರುತ್ತದೆ. ಇವುಗಳಲ್ಲಿ ಅತಿ ಹಠಮಾರಿಯಾದದ್ದು ‘ಬಂಧ ಮುರಿದರೆ ಶಕ್ತಿ ಹೊರಬರುತ್ತದೆ’ ಎಂಬುದು. ಇಂಧನದೊಳಗೆ ಶಕ್ತಿ ಕೂತಿದೆ, ಉರಿಸಿದಾಗ ಆಚೆ ಬರುತ್ತದೆ ಎಂಬ ಮಾತಿನಿಂದ ಇದು ಶುರುವಾಗುತ್ತದೆ. ಜೀವಶಾಸ್ತ್ರದಲ್ಲಿ, ಜೀವಕೋಶಗಳಿಗೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವಿನ ಬಂಧ ಮುರಿದು ಶಕ್ತಿ ಬಿಡುಗಡೆಯಾಗುತ್ತದೆ ಎಂದು ಓದಿದ ಮೇಲೆ ಗಟ್ಟಿಯಾಗುತ್ತದೆ. ಬರೀ ‘ಇದು ತಪ್ಪು’ ಎಂದರೆ ಹೋಗುವಂಥದ್ದಲ್ಲ, ಲೆಕ್ಕ ಮಾಡಿಸಬೇಕು.

ಹೈಡ್ರೋಜನ್ ಅಣುವಿನ ಬಂಧ ಮುರಿಯಲು ಮೋಲ್‌ಗೆ 436 ಕಿಲೋಜೂಲ್ ಕೊಡಬೇಕು. ಕ್ಲೋರಿನ್ ಅಣುವಿಗೆ 242. ಒಟ್ಟು ಖರ್ಚು 678. ಬಳಿಕ ಹೈಡ್ರೋಜನ್ ಕ್ಲೋರೈಡಿನ ಎರಡು ಬಂಧಗಳು ಕೂಡಿಕೊಂಡಾಗ ತಲಾ 431ರಂತೆ 862 ಕಿಲೋಜೂಲ್ ಹೊರಬರುತ್ತದೆ. ಖರ್ಚು ಕಳೆದರೆ 184 ಕಿಲೋಜೂಲ್ ಉಳಿತಾಯ, ಅದೇ ನಮಗೆ ಶಾಖವಾಗಿ ಸಿಗುವುದು. ಅಂಟಿಕೊಂಡ ಎರಡು ಅಯಸ್ಕಾಂತಗಳನ್ನು ಮಕ್ಕಳ ಕೈಗೆ ಕೊಟ್ಟು ಬಿಡಿಸಲು ಹೇಳಿ: ಬಿಡಿಸಲು ಬಲ ಹಾಕಬೇಕು, ಕೂಡುವಾಗ ತಾವಾಗಿ ಟಕ್ಕೆಂದು ಕೂಡುತ್ತವೆ. ಎಟಿಪಿಯಲ್ಲೂ ಮುರಿಯುವುದಕ್ಕೆ ಖರ್ಚಿದೆ, ನೀರಿನೊಂದಿಗೆ ಸೇರಿ ಆಗುವ ಹೊಸ ಬಂಧಗಳು ಮತ್ತು ಪರಸ್ಪರ ಸೆಳೆತಗಳು ಅದಕ್ಕಿಂತ ಹೆಚ್ಚು ಕೊಡುತ್ತವೆ. ಜೀವಶಾಸ್ತ್ರದ ಶಿಕ್ಷಕರೊಂದಿಗೆ ಕೂತು ಈ ಒಂದು ವಾಕ್ಯವನ್ನು ಇಬ್ಬರೂ ಒಂದೇ ರೀತಿ ಹೇಳುವಂತೆ ಒಪ್ಪಂದ ಮಾಡಿಕೊಂಡರೆ ವರ್ಷಗಟ್ಟಲೆಯ ಗೊಂದಲ ತಪ್ಪುತ್ತದೆ.

ಸಮತೋಲನದಲ್ಲಿ ಕ್ರಿಯೆ ನಿಂತುಹೋಗುತ್ತದೆ ಎಂಬುದೂ, ದುರ್ಬಲ ಆಮ್ಲ ಮತ್ತು ಸಾರರಿಕ್ತ ಆಮ್ಲ ಒಂದೇ ಎಂಬುದೂ ಇದೇ ಸಾಲಿನವು. ಎರಡನೆಯದನ್ನು ಬಗೆಹರಿಸಲು ನಾಲ್ಕು ಚಿತ್ರ ಸಾಕು: ಪ್ರಬಲ ಮತ್ತು ಸಾರಯುಕ್ತ, ಪ್ರಬಲ ಮತ್ತು ಸಾರರಿಕ್ತ, ಹಾಗೆಯೇ ದುರ್ಬಲದಲ್ಲಿ ಎರಡು. ಎಷ್ಟು ಕಣ ಇವೆ ಎಂಬುದು ಒಂದು ಪ್ರಶ್ನೆ, ಅವುಗಳಲ್ಲಿ ಎಷ್ಟು ಪಾಲು ಅಯಾನುಗಳಾಗಿ ಬಿಡಿಬಿಡಿಯಾಗಿವೆ ಎಂಬುದು ಇನ್ನೊಂದು.

ಪ್ರಯೋಗಾಲಯದಲ್ಲಿ ಅಂಕ ಯಾವುದಕ್ಕೆ?

ಟೈಟ್ರೇಶನ್, ಅಂದರೆ ಫ್ಲಾಸ್ಕಿನಲ್ಲಿರುವ ದ್ರಾವಣಕ್ಕೆ ಬ್ಯುರೆಟ್ ಎಂಬ ಅಳತೆಗೆರೆಗಳ ಕೊಳವೆಯಿಂದ ಇನ್ನೊಂದನ್ನು ಹನಿಹನಿಯಾಗಿ ಸೇರಿಸಿ ಸಾರತೆ ಕಂಡುಕೊಳ್ಳುವುದನ್ನು, ಎಲ್ಲ ಕಡೆ ಮಾಡಿಸುತ್ತಾರೆ, ಅಂಕ ಮಾತ್ರ ಬಹುತೇಕ ಕಡೆ ಕೊನೆಯ ಉತ್ತರಕ್ಕೆ. ಹಾಗೆ ಮಾಡಿದ ಕೂಡಲೇ ವಿದ್ಯಾರ್ಥಿಗಳು ‘ಬರಬೇಕಾದ’ ಓದಿಕೆಯನ್ನು ಕೇಳಿ ತಿಳಿದು ಬರೆಯಲು ಕಲಿಯುತ್ತಾರೆ. ಇದಕ್ಕಿಂತ ಹಾನಿಕರವಾದ ಪಾಠ ವಿಜ್ಞಾನದಲ್ಲಿ ಬೇರೊಂದಿಲ್ಲ. ಅಂಕ ಹೋಗಬೇಕಾದದ್ದು ಓದಿಕೆಗಳ ಹೊಂದಾಣಿಕೆಗೆ, ದಾಖಲೆಗೆ, ಕಾರಣ ಹೇಳುವ ಶಕ್ತಿಗೆ.

ಬ್ಯುರೆಟ್ಟಿನ ಓದಿಕೆ 0.05 ಮಿ.ಲೀ.ವರೆಗೆ ಬರೆದಿರಬೇಕು, ‘24’ ಎಂದು ಬರೆದರೆ ಸಾಲದು, ‘24.00’ ಎಂದಿರಬೇಕು. ಎರಡು ಓದಿಕೆಗಳಾದರೂ 0.10 ಮಿ.ಲೀ. ಒಳಗೆ ಒಂದಕ್ಕೊಂದು ಹೊಂದಬೇಕು. ಓದಿಕೆಗಳನ್ನು ಆಗಿಂದಾಗ್ಗೆ ಪೆನ್ನಿನಲ್ಲಿ ಬರೆಯಬೇಕು, ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು. ಯಾವುದನ್ನು ಯಾವುದರಿಂದ ತೊಳೆಯಬೇಕು ಎಂಬುದು ವಿದ್ಯಾರ್ಥಿಗೆ ಅರ್ಥವಾಗಿದೆಯೋ ಇಲ್ಲವೋ ಎಂದು ತಿಳಿಯಲು ಅತ್ಯುತ್ತಮ ಪ್ರಶ್ನೆ. ಬ್ಯುರೆಟ್ ಮತ್ತು ಪಿಪೆಟ್ಟನ್ನು ಕೊನೆಯಲ್ಲಿ ಅವುಗಳಿಗೆ ತುಂಬುವ ದ್ರಾವಣದಿಂದಲೇ ತೊಳೆಯಬೇಕು, ಇಲ್ಲದಿದ್ದರೆ ಗೋಡೆಗಂಟಿದ ನೀರು ದ್ರಾವಣವನ್ನು ತೆಳುವಾಗಿಸುತ್ತದೆ. ಶಂಕುವಿನಾಕಾರದ ಫ್ಲಾಸ್ಕನ್ನು ಮಾತ್ರ ಬರೀ ಬಟ್ಟಿ ಇಳಿಸಿದ ನೀರಿನಿಂದ ತೊಳೆಯಬೇಕು. ಅದನ್ನು ಆಮ್ಲದಿಂದ ತೊಳೆದು 1 ಮಿ.ಲೀ. ಒಳಗೆ ಉಳಿದರೆ ಪಿಪೆಟ್ಟಿನಿಂದ ಅಳೆದು ಹಾಕಿದ 25 ಮಿ.ಲೀ. ಬದಲು 26 ಮಿ.ಲೀ. ಆಯಿತು, ಶೇಕಡ 4 ತಪ್ಪು. ನೀರು ಉಳಿದರೆ ಆಮ್ಲದ ಮೋಲ್‌ಗಳ ಸಂಖ್ಯೆ ಬದಲಾಗುವುದಿಲ್ಲ. ಬ್ಯುರೆಟ್ಟಿನ ತುದಿಯಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆ, ತೆಗೆಯಲು ಮರೆತು ನಡುವೆ ಹನಿ ಉದುರಿಸುವ ಆಲಿಕೆ, ಇವೆರಡೂ ಕಾರಣವಿಲ್ಲದೆ ಓದಿಕೆ ಏರುಪೇರಾಗುವ ಮಾಮೂಲಿ ಮೂಲಗಳು.

4.00 ಗ್ರಾಂ ಸೋಡಿಯಂ ಹೈಡ್ರಾಕ್ಸೈಡನ್ನು ಒಂದು ಲೀಟರಿಗೆ ಕರಗಿಸಿದರೆ 0.1 ಮೋಲಾರ್ ಸಿಕ್ಕಿತು ಎಂದು ಕಲಿಸುವುದು ಇನ್ನೊಂದು ತಪ್ಪು. ಅದರ ಗುಳಿಗೆಗಳು ತೂಗುವಷ್ಟರಲ್ಲೇ ಗಾಳಿಯ ತೇವವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಹೀರುತ್ತವೆ. ಹಾಗಾಗಿ ದ್ರಾವಣದ ನಿಜವಾದ ಸಾರತೆಯನ್ನು ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್‌ನಂಥ ಗಾಳಿಗೆ ಕೆಡದ ಘನವಸ್ತುವಿನೆದುರು ಕಂಡುಕೊಳ್ಳಬೇಕು. ಅದರ ಮೋಲಾರ್ ರಾಶಿ 204.2 ಗ್ರಾಂ, 0.51 ಗ್ರಾಂ ತೆಗೆದುಕೊಂಡರೆ ಸುಮಾರು 25 ಮಿ.ಲೀ. ದ್ರಾವಣ ಬೇಕಾಗುತ್ತದೆ. ಕೊನೆಯ ಬಿಂದುವನ್ನು ಬಣ್ಣದಿಂದ ತೋರುವ ಸೂಚಕ ಫಿನಾಲ್ಫ್ಥಲೀನ್‌ನ ತೆಳು ಗುಲಾಬಿ ಬಣ್ಣ ಅಲ್ಲಾಡಿಸಿದ ಮೇಲೂ 30 ಸೆಕೆಂಡು ನಿಂತರೆ ಅಲ್ಲಿಗೆ ಸಾಕು. ಆಮೇಲೆ ಬಣ್ಣ ಮಾಸುವುದು ಗಾಳಿಯ ಕಾರ್ಬನ್ ಡೈಆಕ್ಸೈಡಿನಿಂದ, ಅದನ್ನು ಕಂಡು ಇನ್ನಷ್ಟು ಹನಿ ಹಾಕಬಾರದು.

ಸುರಕ್ಷತೆಯನ್ನು ಮಾನದಂಡದ ಹೊರಗಿನ ಎಚ್ಚರಿಕೆ ಫಲಕವಾಗಿ ಇಡುವುದು ಸರಿಯಲ್ಲ, ಅದೂ ಕಲಿಕೆಯ ಭಾಗ. ಅಪಾಯ ಗುರುತಿಸು, ಅದು ಎಷ್ಟು ದೊಡ್ಡದೆಂದು ಅಳೆ, ತಗ್ಗಿಸು, ತುರ್ತಿಗೆ ಸಿದ್ಧನಾಗಿರು ಎಂಬ ನಾಲ್ಕು ಹೆಜ್ಜೆಗಳನ್ನು ಪ್ರತಿ ಪ್ರಯೋಗಕ್ಕೂ ಮುಂಚೆ ವಿದ್ಯಾರ್ಥಿಯೇ ಬರೆಯಬೇಕು. ಸಾಂದ್ರ ಸಲ್ಫ್ಯೂರಿಕ್ ಆಮ್ಲವನ್ನು ನೀರಿಗೆ ಸುರಿಯಬೇಕೇ ಹೊರತು ನೀರನ್ನು ಆಮ್ಲಕ್ಕೆ ಅಲ್ಲ ಎಂದು ಬಾಯಿಪಾಠ ಮಾಡಿದವನು ಒಂದು ದಿನ ಅದಲುಬದಲು ಮಾಡಿಬಿಡಬಹುದು. ಹಗುರವಾದ ನೀರು ಮೇಲೆ ತೇಲಿ, ಬೆರೆಯುವ ಜಾಗದಲ್ಲಿ ಹುಟ್ಟುವ ಶಾಖಕ್ಕೆ ಕುದಿದು ಆಮ್ಲವನ್ನು ಸಿಡಿಸುತ್ತದೆ ಎಂದು ಅರಿತವನು ಮರೆಯುವುದಿಲ್ಲ. ಒಂದು ಪ್ರಯೋಗಾಲಯದಲ್ಲಿ ಒಮ್ಮೆಗೆ 24ಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಬೇಡ ಎಂದು ಅಮೆರಿಕನ್ ಕೆಮಿಕಲ್ ಸೊಸೈಟಿ ಸಲಹೆ ಮಾಡುತ್ತದೆ. ಕಣ್ಣಿಗೆ ರಾಸಾಯನಿಕ ಬಿದ್ದರೆ 15 ನಿಮಿಷ ಎಡೆಬಿಡದೆ ನೀರು ಹಾಯಿಸಬೇಕು, ಅದಕ್ಕೆ ವ್ಯವಸ್ಥೆ ಇಲ್ಲದ ಕಡೆ ಸಾಂದ್ರ ಆಮ್ಲ, ಕ್ಷಾರಗಳನ್ನು ಹೊರತೆಗೆಯಲೇಬಾರದು.

ಮೆಥನಾಲ್ ಸುರಿದು ಲವಣಗಳ ಬಣ್ಣದ ಜ್ವಾಲೆ ತೋರಿಸುವ ಪ್ರದರ್ಶನವನ್ನು ಪೂರ್ತಿ ಕೈಬಿಡಬೇಕು. ಮೆಥನಾಲ್ ಸುಮಾರು 11 ಡಿಗ್ರಿಯಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಜ್ವಾಲೆ ಆರಿತೆಂದುಕೊಂಡು ಬಾಟಲಿಯಿಂದ ಮತ್ತಷ್ಟು ಸುರಿದಾಗ ಬೆಂಕಿ ಆವಿಯ ಹಾದಿಯಲ್ಲಿ ಬಾಟಲಿಯೊಳಗೆ ನುಗ್ಗಿ, ಮುಂದೆ ಕೂತ ಮಕ್ಕಳ ಮೇಲೆ ಚಿಮ್ಮಿದ ದುರಂತಗಳು ಒಂದೆರಡಲ್ಲ. ಲವಣದ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿದ ಮರದ ಕಡ್ಡಿಯನ್ನು ಬರ್ನರ್ ಜ್ವಾಲೆಗೆ ಹಿಡಿದರೆ ಅದೇ ಬಣ್ಣಗಳು ಕಾಣುತ್ತವೆ.

ಹಳೆಯದಾದ ಎರಡು ಅಂಕಿಗಳು

ಮಾನದಂಡ ಬರೆಯುವವರು ವ್ಯಾಖ್ಯೆಗಳನ್ನೂ ತಾಜಾ ಇಡಬೇಕು. 2019ರ ಮೇ 20ರಿಂದ ಮೋಲ್ ಎಂದರೆ ಸರಿಯಾಗಿ 6.02214076 × 10²³ ಕಣಗಳು. 12 ಗ್ರಾಂ ಕಾರ್ಬನ್-12ರಲ್ಲಿರುವಷ್ಟು ಎಂಬ ಹಳೆಯ ವ್ಯಾಖ್ಯೆ ಈಗ ಇಲ್ಲ. ಮಕ್ಕಳಿಗೆ ಇದರಿಂದ ಅನುಕೂಲವೇ ಆಗಿದೆ, ಡಜನ್ ಎಂದರೆ 12 ಎಂಬಂತೆ ನೇರವಾಗಿ ಒಂದು ಸಂಖ್ಯೆ. ಇನ್ನು ಒಂದು ಮೋಲ್ ಅನಿಲದ ಗಾತ್ರ ಎಂದು ಕಲಿಸುವ 22.4 ಲೀಟರ್. ಅದು 0 ಡಿಗ್ರಿ, 1 ಅಟ್ಮಾಸ್ಫಿಯರ್ ಒತ್ತಡಕ್ಕೆ ಸೇರಿದ್ದು. 1982ರಲ್ಲಿ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಸಂಸ್ಥೆ ಐಯುಪಿಎಸಿ ಪ್ರಮಾಣಿತ ಒತ್ತಡವನ್ನು 100 ಕಿಲೋಪ್ಯಾಸ್ಕಲ್‌ಗೆ ಬದಲಿಸಿತು, ಅದರಂತೆ ಬರುವುದು 22.7 ಲೀಟರ್. ಪ್ರಶ್ನೆಯಲ್ಲಿ ‘ಪ್ರಮಾಣಿತ ಸ್ಥಿತಿ’ ಎಂದಷ್ಟೇ ಬರೆಯದೆ ತಾಪಮಾನ, ಒತ್ತಡ ಎರಡನ್ನೂ ಬಿಡಿಸಿ ಕೊಟ್ಟರೆ ಯಾವ ಮಗುವೂ ಅನ್ಯಾಯವಾಗಿ ಅಂಕ ಕಳೆದುಕೊಳ್ಳುವುದಿಲ್ಲ.

ಇರುವ ಪ್ರಶ್ನೆಪತ್ರಿಕೆಯಿಂದಲೇ ಆರಂಭ

ಹೊಸ ಪಠ್ಯಕ್ರಮಕ್ಕಾಗಿ ಕಾಯಬೇಕಿಲ್ಲ. ಕಳೆದ ಸಾಲಿನ ಪ್ರಶ್ನೆಪತ್ರಿಕೆ ತೆಗೆದು ಪ್ರತಿ ಪ್ರಶ್ನೆಯ ಪಕ್ಕ ‘ಕಣ್ಣು’, ‘ಕಣ’, ‘ಸಂಕೇತ’ ಎಂದು ಗುರುತು ಹಾಕಿ, ಅದು ಯಾವ ನೆಲೆಯನ್ನು ಕೇಳುತ್ತಿದೆ ಎಂದು. ‘ಸಂಕೇತ’ವೇ ತುಂಬಿಕೊಂಡಿದ್ದರೆ ಎರಡು ಮೂರು ಪ್ರಶ್ನೆಗಳನ್ನು ತಿದ್ದಿದರೆ ಸಾಕು, ಪಾಠ ಮಾಡುವ ರೀತಿಯೇ ಮುಂದಿನ ವರ್ಷ ಬದಲಾಗುತ್ತದೆ.

‘ರಾಶಿ ಸಂರಕ್ಷಣಾ ನಿಯಮವನ್ನು ನಿರೂಪಿಸಿ’ ಎಂಬ ಪ್ರಶ್ನೆಯನ್ನು ಹೀಗೆ ತಿದ್ದಬಹುದು: ‘ತಕ್ಕಡಿಯ ಮೇಲೆ ತೆರೆದ ತಟ್ಟೆಯಲ್ಲಿಟ್ಟ ಸ್ಟೀಲ್ ಉಲ್ಲನ್‌ಗೆ ಬೆಂಕಿ ತಾಗಿಸಿದರು. ಉರಿದ ಮೇಲೆ ತೂಕ ಹೆಚ್ಚಿತು. ನಿಯಮ ಸುಳ್ಳಾಯಿತು ಎಂದು ಒಬ್ಬಳು ಹೇಳುತ್ತಾಳೆ. ನೀವು ಒಪ್ಪುತ್ತೀರಾ? ಕಣಚಿತ್ರ ಬರೆದು ಕಾರಣ ಕೊಡಿ. ಮುಚ್ಚಿದ ಪಾತ್ರೆಯಲ್ಲಿ ಇದನ್ನೇ ಮಾಡಿದರೆ ತಕ್ಕಡಿ ಏನು ತೋರಿಸುತ್ತದೆ?’ ‘ಆಕ್ಸಿಜನ್ ಸೇರಿತು’ ಎಂದಷ್ಟೇ ಬರೆದರೆ ಒಂದು ಅಂಕ. ಆ ಆಕ್ಸಿಜನ್ ಮೊದಲೇ ಗಾಳಿಯಲ್ಲಿತ್ತು, ತಕ್ಕಡಿಯ ಲೆಕ್ಕಕ್ಕೆ ಮಾತ್ರ ಬಂದಿರಲಿಲ್ಲ ಎಂದು ಚಿತ್ರದಲ್ಲಿ ತೋರಿಸಿದರೆ ಇನ್ನೊಂದು. ಮುಚ್ಚಿದ ಪಾತ್ರೆಯಲ್ಲಿ ತೂಕ ಬದಲಾಗದು ಎಂದು ಹೇಳಿ, ಉರಿಯುವಿಕೆ ಆಕ್ಸಿಜನ್ ಇರುವಷ್ಟು ಹೊತ್ತು ಮಾತ್ರ ಎಂದೂ ಸೇರಿಸಿದರೆ ಮೂರನೆಯದು.